ಮನೆ ಶೆಡ್‌ನಲ್ಲಿ ಪದ್ಮಿನಿಗೆ ಎನ್‌ಸಿ ಪೇಂಟ್

ನಮ್ಮ ಪ್ರೀಮಿಯರ್ ಪದ್ಮಿನಿಗೆ ನಾನು ಹೊಡೆದಿದ್ದು ಎನ್‌ಸಿ ಪೇಂಟ್. ನೈಟ್ರೋಸೆಲ್ಯುಲೋಸ್ ಲ್ಯಾಕರ್, ಹಳೇ ಮೇಸ್ತ್ರಿಗಳ ಬಾಯಲ್ಲಿ ಡ್ಯೂಕೋ. ಇದನ್ನು ಹೇಳಿದರೆ ಈಗಿನ ಗ್ಯಾರೇಜ್ ಹುಡುಗರು ನಗುತ್ತಾರೆ. "ಯಾರು ಸಾರ್ ಈಗ ಎನ್‌ಸಿ ಹೊಡೀತಾರೆ? ಪಿಯು ಹಾಕ್ಸಿ, ಆಮೇಲೆ ತಿರುಗಿ ನೋಡೋದೇ ಬೇಡ" ಅಂತ. ಪಿಯು ಅಂದರೆ ಪಾಲಿಯುರೆಥೇನ್ ಪೇಂಟ್. ಅವರು ಹೇಳುವುದರಲ್ಲಿ ತಪ್ಪೇನಿಲ್ಲ. ಅವರ ಹತ್ತಿರ ಪೇಂಟ್ ಬೂತ್ ಇದೆ, ಫಿಲ್ಟರ್ ಆದ ಗಾಳಿ ಬರುತ್ತದೆ, ದಿನಾ ಸ್ಪ್ರೇ ಗನ್ ಹಿಡಿದ ಕೈ ಇದೆ. ನನಗಿದ್ದದ್ದು ಮೈಸೂರಿನ ಮನೆ ಮುಂದಿನ ಶೆಡ್. ಮೂರು ಕಡೆ ಗೋಡೆ, ಮುಂದೆ ರಸ್ತೆ, ಪಕ್ಕದಲ್ಲಿ ಹೊಂಗೆ ಮರ. ಆ ಶೆಡ್‌ಗೆ ಯಾವ ಪೇಂಟ್ ಆಗಿಬರುತ್ತದೆ ಅಂತ ನೋಡಬೇಕೇ ಹೊರತು, ಅಂಗಡಿಯಲ್ಲಿ ಯಾವುದು ಎಲ್ಲಕ್ಕಿಂತ ದುಬಾರಿ ಅಂತ ನೋಡಿ ಪ್ರಯೋಜನ ಇಲ್ಲ.

ಕಾರು ನಮ್ಮ ಸೋದರಮಾವನದು. ಎಂಬತ್ತರ ದಶಕದ ಗಾಡಿ, ಮುಂಬೈನ ಕುರ್ಲಾ ಫ್ಯಾಕ್ಟರಿಯಲ್ಲಿ ಆದದ್ದು, 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್. ಇಂಜಿನ್ ಕೆಲಸ ಮೆಕ್ಯಾನಿಕ್ ಮಾಡಿಕೊಟ್ಟರು, ಆ ಕಥೆ ಇಲ್ಲಿ ಬೇಡ. ತಗಡಿನ ತೂತುಗಳಿಗೆ ವೆಲ್ಡಿಂಗ್, ಟಿಂಕರಿಂಗ್ ಕೂಡ ಹೊರಗೇ ಮಾಡಿಸಿದೆ. ಬಣ್ಣ ಮಾತ್ರ ನಾನೇ ಹೊಡೆಯಬೇಕು ಅಂತ ಹಠ ಹಿಡಿದಿದ್ದೆ.

ನನಗೆ ಮೊದಲು ಆಸೆ ಇದ್ದದ್ದು ಮಿಲಿಟರಿ ಹಸಿರು. ಆ ಆಸೆ ಬೇಗನೇ ಬಿಡಬೇಕಾಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಅಂತ ಒಂದಿದೆ, ಅದರ ಪ್ರಕಾರ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಗಾಡಿಗೆ ಆಲಿವ್ ಗ್ರೀನ್ ಹೊಡೆಯುವಂತಿಲ್ಲ. ಸ್ನೇಹಿತರಲ್ಲಿ ಒಬ್ಬ ಕಪ್ಪು ಹಳದಿ ಹೊಡಿ, ಬಾಂಬೆ ಟ್ಯಾಕ್ಸಿ ಥರ ಇರುತ್ತೆ ಅಂದ. ಆ ಕಾಲಿ ಪೀಲಿ ಪದ್ಮಿನಿಗಳ ಓಟ ಅಲ್ಲೇ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ನನ್ನ ಗಾಡಿಗೆ ಆ ವೇಷ ಹಾಕಿದರೆ ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಾಕಿ ರೈಲ್ವೆ ಸ್ಟೇಷನ್‌ಗೆ ಬರ್ತೀರಾ ಅಂತ ಕೇಳುತ್ತಾರೆ ಅಷ್ಟೇ. ಅಲ್ಲದೆ ಆರ್‌ಸಿಯಲ್ಲಿ ಬಣ್ಣ ಅಂತ ಒಂದು ಕಾಲಂ ಇದೆಯಲ್ಲ, ಅದು ಬದಲಾದರೆ ಆರ್‌ಟಿಒ ಕಚೇರಿಗೆ ಹೋಗಿ ತಿದ್ದಿಸಬೇಕು. ನಮ್ಮದರಲ್ಲಿ ಬರೆದಿದ್ದು ಬರೀ ಬ್ಲೂ. ಸರಿ, ನೀಲಿಯೇ ಇರಲಿ. ಇದರಿಂದ ಇನ್ನೊಂದು ದೊಡ್ಡ ಅನುಕೂಲ. ಬಣ್ಣ ಬದಲಾಯಿಸಿದರೆ ಬಾಗಿಲ ಸಂದು, ಡಿಕ್ಕಿ ಒಳಗೆ, ಬಾನೆಟ್ ಕೆಳಗೆ ಎಲ್ಲಾ ಕಡೆ ಹಳೇ ಬಣ್ಣ ಇಣುಕುತ್ತದೆ. ಅದೇ ಬಣ್ಣ ಆದರೆ ಆ ತಲೆನೋವು ಇಲ್ಲ.

ಈಗ ಪೇಂಟ್ ಜಾತಿಯ ವಿಷಯ. ಮನೆಯಲ್ಲಿ ಮಾಡುವವರಿಗೆ ಹೆಚ್ಚುಕಮ್ಮಿ ಮೂರು ದಾರಿ. ಒಂದು ಸಿಂಥೆಟಿಕ್ ಎನಾಮಲ್, ಅಂದರೆ ಗೇಟಿಗೆ, ಗ್ರಿಲ್‌ಗೆ ಹೊಡೆಯುವ ಬಣ್ಣದ ಅಣ್ಣ ತಮ್ಮ. ಕಡಿಮೆ ದುಡ್ಡು, ಒಳ್ಳೆ ಹೊಳಪು, ಆದರೆ ಗಂಟೆಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ರಸ್ತೆ ಪಕ್ಕದ ಶೆಡ್‌ನಲ್ಲಿ ಅಷ್ಟು ಹೊತ್ತು ಅಂಟಾಗಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಧೂಳು, ಸೊಳ್ಳೆ, ಹೊಂಗೆ ಹೂವು ಎಲ್ಲಾ ಅದರ ಮೇಲೇ.

ಎರಡನೇದು ಟೂಕೆ ಪಿಯು. ಪೇಂಟ್ ಒಂದು ಡಬ್ಬಿ, ಹಾರ್ಡ್‌ನರ್ ಇನ್ನೊಂದು ಡಬ್ಬಿ, ಎರಡೂ ಸೇರಿದ ಮೇಲೆ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಗಟ್ಟಿತನದಲ್ಲಿ ಇದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ, ಪೆಟ್ರೋಲ್ ಚೆಲ್ಲಿದರೂ ಏನೂ ಆಗುವುದಿಲ್ಲ. ನನ್ನ ತಕರಾರು ಆ ಹಾರ್ಡ್‌ನರ್ ಜೊತೆ. ಅದರಲ್ಲಿ ಐಸೋಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಅದರ ಮಂಜು ಉಸಿರಿನ ಜೊತೆ ಒಳಗೆ ಹೋದರೆ ಅಸ್ತಮಾ ಬರಬಹುದು. ಒಮ್ಮೆ ದೇಹಕ್ಕೆ ಅಲರ್ಜಿ ಹತ್ತಿಕೊಂಡರೆ ಆಮೇಲೆ ಬಹಳ ಕಡಿಮೆ ಪ್ರಮಾಣಕ್ಕೂ ಉಸಿರು ಕಟ್ಟುತ್ತದೆ. ವಾಸನೆ ಬಂದಾಗ ಎದ್ದು ಹೋದರಾಯಿತು ಅನ್ನುವ ಹಾಗೂ ಇಲ್ಲ, ವಾಸನೆ ಗೊತ್ತಾಗುವಷ್ಟು ಆಗುವ ಮೊದಲೇ ಅದು ಅಪಾಯದ ಮಟ್ಟ ದಾಟಿರುತ್ತದೆ. ಇದಕ್ಕೆ ಸರಿಯಾದ ರಕ್ಷಣೆ ಹೊರಗಿನ ಶುದ್ಧ ಗಾಳಿಯನ್ನು ಪೈಪ್‌ನಲ್ಲಿ ತಂದುಕೊಡುವ ಮಾಸ್ಕ್. ನಮ್ಮಲ್ಲಿ ಪೇಂಟರ್‌ಗಳು ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಪಿಯು ಹೊಡೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಪಕ್ಕದ ಮನೆಯಲ್ಲಿ ಪುಟ್ಟ ಮಗು ಇದೆ, ನಮ್ಮ ಶೆಡ್‌ಗೂ ಅವರ ಕಿಟಕಿಗೂ ಮಧ್ಯೆ ಒಂದು ಕಾಂಪೌಂಡ್ ಗೋಡೆ ಅಷ್ಟೇ. ಹಾಗಾಗಿ ಪಿಯು ಬೇಡ ಅಂತ ತೀರ್ಮಾನ ಮಾಡಿದೆ.

ಉಳಿದದ್ದು ಎನ್‌ಸಿ. ಇದರಲ್ಲಿ ಹಾರ್ಡ್‌ನರ್ ಇಲ್ಲ, ಥಿನ್ನರ್ ಆರಿಹೋದರೆ ಬಣ್ಣ ಒಣಗಿತು ಅಂತಲೇ ಲೆಕ್ಕ. ಕೆಲವೇ ನಿಮಿಷದಲ್ಲಿ ಕೈ ಇಡಬಹುದು. ಧೂಳಿಗೆ ಕೂರಲು ಪುರುಸೊತ್ತೇ ಸಿಗುವುದಿಲ್ಲ. ಅಮೆರಿಕದ ಡ್ಯುಪಾಂಟ್ ಕಂಪನಿ 1923ರಲ್ಲಿ ಡ್ಯೂಕೋ ತಂದಾಗ ಕಾರು ಕಂಪನಿಗಳು ಮುಗಿಬಿದ್ದದ್ದೂ ಇದೇ ಕಾರಣಕ್ಕೆ. ಅದಕ್ಕೂ ಮೊದಲು ವಾರ್ನಿಷ್ ಪದರದ ಮೇಲೆ ಪದರ ಹಾಕಿ ಒಣಗಿಸುತ್ತಾ ಒಂದು ಕಾರಿಗೆ ವಾರಗಟ್ಟಲೆ ಕಾಯುತ್ತಿದ್ದರು. ಡ್ಯೂಕೋ ಹಾಕಿಕೊಂಡು ಮೊದಲು ಬಂದ 1924ರ ಓಕ್‌ಲ್ಯಾಂಡ್ ಕಾರುಗಳ ಬಣ್ಣವೂ ನೀಲಿಯೇ. ಎನ್‌ಸಿಯ ಇನ್ನೊಂದು ಗುಣ ನನ್ನಂಥವರಿಗೆ ವರ. ಹೊಸ ಕೋಟ್ ಹೊಡೆದಾಗ ಅದರ ಥಿನ್ನರ್ ಕೆಳಗಿನ ಕೋಟ್ ಅನ್ನೂ ಸ್ವಲ್ಪ ಕರಗಿಸಿ ಎರಡೂ ಒಂದಾಗುತ್ತವೆ. ಎಲ್ಲೋ ಒಂದು ಕಡೆ ಬಣ್ಣ ಇಳಿದರೆ, ಹುಳು ಬಿದ್ದರೆ, ಒಣಗಿಸಿ ಉಜ್ಜಿ ಅಷ್ಟಕ್ಕೇ ಮತ್ತೆ ಹೊಡೆಯಬಹುದು. ಜೋಡಣೆಯ ಗೆರೆ ಕಾಣುವುದಿಲ್ಲ. ಇದರ ದೋಷಗಳು ನನಗೆ ಗೊತ್ತಿಲ್ಲ ಅಂತಲ್ಲ. ಜಾಸ್ತಿ ಕೋಟ್ ಬೇಕು, ಹೊಳಪು ತಾನಾಗಿ ಬರುವುದಿಲ್ಲ, ರಬ್ಬಿಂಗ್ ಕಾಂಪೌಂಡ್ ಅನ್ನುವ ಪಾಲಿಶ್ ಪೇಸ್ಟ್ ಹಾಕಿ ತಿಕ್ಕಬೇಕು, ಬಿಸಿಲಿಗೆ ಮಂಕಾಗುತ್ತದೆ, ಪೆಟ್ರೋಲ್ ಚೆಲ್ಲಿದರೆ ತಕ್ಷಣ ಒರೆಸಬೇಕು. ಭಾನುವಾರ ಮಾತ್ರ ಹೊರಗೆ ಬರುವ ಗಾಡಿಗೆ ಇದೆಲ್ಲಾ ನಡೆಯುತ್ತದೆ. ದಿನಾ ಆಫೀಸಿಗೆ ಹೋಗಿ ಬಿಸಿಲಲ್ಲಿ ನಿಲ್ಲುವ ಗಾಡಿಗೆ ನಾನೂ ಎನ್‌ಸಿ ಹಾಕಿ ಅಂತ ಹೇಳುವುದಿಲ್ಲ.

ಪೇಂಟ್ ತರುವ ಮೊದಲು ಕಾರಿನ ಮೇಲೆ ಈಗಾಗಲೇ ಏನಿದೆ ಅಂತ ತಿಳಿಯಬೇಕು. ಇದಕ್ಕೆ ಲ್ಯಾಬ್ ಬೇಡ. ಬಿಳಿ ಬನಿಯನ್ ಬಟ್ಟೆಗೆ ಎನ್‌ಸಿ ಥಿನ್ನರ್ ಹಾಕಿ ಯಾವುದಾದರೂ ಮೂಲೆಯಲ್ಲಿ ತಿಕ್ಕಿ ನೋಡಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಎನ್‌ಸಿ. ಮುದುಡಿ ಸುಕ್ಕಾಗಿ ಎದ್ದರೆ ಎನಾಮಲ್. ಏನೂ ಆಗದಿದ್ದರೆ ಟೂಕೆ. ನಮ್ಮ ಗಾಡಿಯ ಡಿಕ್ಕಿ ಮೂಲೆಯಲ್ಲಿ ತಿಕ್ಕಿದಾಗ ಬಣ್ಣ ಹಾಲಿನ ಕೆನೆ ಹಾಗೆ ಸುಕ್ಕುಗಟ್ಟಿ ಎದ್ದಿತು. ಮಾವ ಯಾವಾಗಲೋ ಎನಾಮಲ್ ಹೊಡೆಸಿದ್ದಾರೆ. ಎನಾಮಲ್ ಮೇಲೆ ನೇರವಾಗಿ ಎನ್‌ಸಿ ಹೊಡೆದರೆ ಇಡೀ ಕಾರು ಹೀಗೇ ಸುಕ್ಕಾಗುತ್ತದೆ. ಆದ್ದರಿಂದ ತಗಡಿನವರೆಗೆ ತೆಗೆಯದೆ ಬೇರೆ ದಾರಿ ಇರಲಿಲ್ಲ.

ಬಣ್ಣ ತೆಗೆಯುವ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ದೊಡ್ಡ ಬಯಲು ಜಾಗಕ್ಕೆ ಪೇಂಟ್ ರಿಮೂವರ್, ಅಂಚುಗಳಿಗೆ ಉಜ್ಜುವುದು. ರಿಮೂವರ್ ಚರ್ಮಕ್ಕೆ ತಗುಲಿದರೆ ಬೆಂಕಿ ತಾಗಿದ ಹಾಗೆ ಉರಿಯುತ್ತದೆ, ದಪ್ಪ ರಬ್ಬರ್ ಗ್ಲೌಸ್, ಕನ್ನಡಕ ಇಲ್ಲದೆ ಡಬ್ಬಿ ಮುಚ್ಚಳ ಕೂಡ ತೆಗೆಯಬೇಡಿ. ಎಡಗಡೆ ಮಡ್‌ಗಾರ್ಡ್‌ನಲ್ಲಿ ಬಣ್ಣದ ಕೆಳಗೆ ಬೆರಳು ದಪ್ಪ ಪಟ್ಟಿ, ಅಂದರೆ ತಗ್ಗು ತುಂಬುವ ಪುಟ್ಟಿ, ಸಿಕ್ಕಿತು. ಮ್ಯಾಗ್ನೆಟ್ ಇಟ್ಟರೆ ಜಾರಿ ಬೀಳುತ್ತಿತ್ತು. ಅದನ್ನೆಲ್ಲ ಕಿತ್ತು ಟಿಂಕರ್ ಹತ್ತಿರ ತಗಡು ಸರಿ ಮಾಡಿಸಿದೆ. ತಗಡು ಬೆತ್ತಲಾದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು, ಬೆವರಿನ ಬೆರಳಚ್ಚು ಮರುದಿನಕ್ಕೆ ಕಂದು ಬಣ್ಣದ ತುಕ್ಕಾಗಿ ಕಾಣುತ್ತದೆ. ಅದಕ್ಕೇ ಒಂದೊಂದು ಭಾಗ ತೆಗೆದ ದಿನವೇ ಥಿನ್ನರ್‌ನಲ್ಲಿ ಒರೆಸಿ ಎಪಾಕ್ಸಿ ಪ್ರೈಮರ್ ಹೊಡೆದುಬಿಡುತ್ತಿದ್ದೆ. ಎಪಾಕ್ಸಿಯೂ ಎರಡು ಡಬ್ಬಿಯದೇ, ಆದರೆ ಸಾಮಾನ್ಯವಾಗಿ ಅದರ ಹಾರ್ಡ್‌ನರ್ ಅಮೈನ್ ಜಾತಿಯದು, ಐಸೋಸಯನೇಟ್ ಅಲ್ಲ. ಡಬ್ಬಿ ಮೇಲೆ ಓದಿ ಖಾತ್ರಿ ಮಾಡಿಕೊಂಡೆ. ಹಾಗಂತ ಮಾಸ್ಕ್ ಬಿಡುವ ಹಾಗಿಲ್ಲ.

ಪಟ್ಟಿ ಕೆಲಸದಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮ ಬೀದಿಯ ಹಳೇ ಪೇಂಟರ್ ಮೇಸ್ತ್ರಿ. ಈಗ ಕೆಲಸ ಬಿಟ್ಟಿದ್ದಾರೆ, ಸಾಯಂಕಾಲ ವಾಕಿಂಗ್ ಬಂದವರು ಗೇಟ್ ಹತ್ತಿರ ನಿಲ್ಲುತ್ತಿದ್ದರು. ಒಂದು ದಿನ ಒಳಗೆ ಬಂದರು. ನಾನು ಬಾಗಿಲ ಮೇಲೆ ಪಟ್ಟಿ ಉಜ್ಜಿ ಕೂತಿದ್ದೆ, ನೋಡಲು ಸಪಾಟಾಗಿಯೇ ಇತ್ತು.

"ಕಣ್ಣು ಮುಚ್ಚಿ ತಮ್ಮಾ" ಅಂದರು.

"ಯಾಕಣ್ಣ?"

"ಮುಚ್ಚಿ, ಆಮೇಲೆ ಈ ಬಟ್ಟೆ ಇಟ್ಕೊಂಡು ಅಂಗೈಲಿ ಸವರಿ."

ತೆಳು ಹತ್ತಿ ಬಟ್ಟೆಯನ್ನು ಅಂಗೈ ಕೆಳಗೆ ಇಟ್ಟುಕೊಂಡು ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ಸವರಿದರೆ, ಹ್ಯಾಂಡಲ್ ಕೆಳಗೆ ಒಂದು ಕಡೆ ಕೈ ತಗ್ಗಿಗೆ ಇಳಿದು ಹತ್ತುವುದು ಚೆನ್ನಾಗಿ ಗೊತ್ತಾಯಿತು. ಬಟ್ಟೆ ಇಲ್ಲದೆ ಸವರಿದರೆ ಗೊತ್ತಾಗುವುದಿಲ್ಲ, ಚರ್ಮ ಅಲ್ಲಲ್ಲಿ ಹಿಡಿದುಕೊಳ್ಳುತ್ತದೆ. ಇನ್ನೊಂದು ಉಪಾಯವನ್ನೂ ಅವರೇ ಹೇಳಿದರು. ಬಣ್ಣದ ಕೆಳಗೆ ಹೋಗುವ ಬೂದು ಪದರ, ಅಂದರೆ ಸರ್ಫೇಸರ್, ಹೊಡೆದ ಮೇಲೆ ಅದರ ಮೇಲೆ ಕಪ್ಪು ಬಣ್ಣವನ್ನು ಹನಿಹನಿಯಾಗಿ, ಸಾಸಿವೆ ಉದುರಿಸಿದಂತೆ ದೂರದಿಂದ ಹೊಡೆಯಬೇಕು. ಆಮೇಲೆ ಮರದ ಬ್ಲಾಕ್‌ಗೆ ವಾಟರ್ ಪೇಪರ್ ಸುತ್ತಿ ಉಜ್ಜಿದರೆ ಉಬ್ಬಿದ ಜಾಗದ ಕಪ್ಪು ಹೋಗುತ್ತದೆ, ತಗ್ಗಿನದು ಹಾಗೇ ಉಳಿಯುತ್ತದೆ. ಎಲ್ಲಿ ಕಪ್ಪು ಉಳಿದಿದೆಯೋ ಅಲ್ಲಿಗೆ ಮತ್ತೆ ಪಟ್ಟಿ. ಬರೀ ಬೆರಳಲ್ಲಿ ಪೇಪರ್ ಹಿಡಿದು ಉಜ್ಜಿದರೆ ಬೆರಳಿನ ಗಾತ್ರದ ಕಾಲುವೆಗಳು ಬೀಳುತ್ತವೆ, ಅವು ಆಗ ಕಾಣುವುದಿಲ್ಲ, ಬಣ್ಣ ಹೊಳೆಯಲು ಶುರುವಾದ ಮೇಲೆ ಊರಿಗೆಲ್ಲಾ ಕಾಣುತ್ತವೆ.

ಎರಡು ವಿಷಯ ಮಾತ್ರ ಬಿಡಿಸಿ ಹೇಳಬೇಕು. ಪಾಲಿಯೆಸ್ಟರ್ ಪಟ್ಟಿ ನೀರು ಹೀರುತ್ತದೆ, ಅದನ್ನು ಒಣಗಿಯೇ ಉಜ್ಜಬೇಕು, ನೀರು ಹಾಕಿ ಉಜ್ಜುವುದೇನಿದ್ದರೂ ಸರ್ಫೇಸರ್ ಬಂದ ಮೇಲೆ. ಎನ್‌ಸಿ ಪುಟ್ಟಿ ಸಣ್ಣ ಗೀರು, ಸೂಜಿ ತೂತುಗಳಿಗೆ ಮಾತ್ರ, ಅದೂ ಕಾಗದದಷ್ಟು ತೆಳುವಾಗಿ. ದಪ್ಪ ಹಾಕಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ತಿಂಗಳು ಕಳೆದ ಮೇಲೆ ಕುಗ್ಗಿ ಗುಳಿ ಬೀಳುತ್ತದೆ.

ಇನ್ನು ನೀಲಿ ಯಾವ ನೀಲಿ? ಡೋರ್ ಒಳಗಿನ ರೆಕ್ಸಿನ್ ಪ್ಯಾನಲ್ ಬಿಚ್ಚಿದಾಗ ಅದರ ಹಿಂದೆ ಬಿಸಿಲೇ ಕಾಣದ ಹಳೇ ಬಣ್ಣ ಸಿಕ್ಕಿತು. ಹೊರಗಿನ ಎನಾಮಲ್ ನೀಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದು ತಿಳಿ, ಸ್ವಲ್ಪ ಬೂದಿ ಬೆರೆತ ನೀಲಿ. ಫೋನ್‌ನಲ್ಲಿ ಫೋಟೋ ತೆಗೆದರೆ ಪ್ರತಿ ಸಲ ಬೇರೆ ಬಣ್ಣ ಬರುತ್ತಿತ್ತು. ಕೊನೆಗೆ ಆ ಡೋರನ್ನೇ ಆಟೋದಲ್ಲಿ ಹಾಕಿಕೊಂಡು ಪೇಂಟ್ ಅಂಗಡಿಗೆ ಹೋದೆ. ಡೋರ್ ಸೀಟಿನ ಮೇಲೆ, ನಾನು ಅದನ್ನು ತಬ್ಬಿಕೊಂಡು. ಆಟೋದವರು ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ, ಇಳಿಯುವಾಗ "ಉಳಿದ ಕಾರು ಎಲ್ಲಿ ಸಾರ್?" ಅಂತ ಕೇಳಿದರು.

ಅಂಗಡಿಯವರು ಮೊದಲು ಕಾಂಪೌಂಡ್ ಹಾಕಿ ಡೋರ್ ಒಳಭಾಗವನ್ನು ಅಂಗೈ ಅಗಲ ತಿಕ್ಕಿ ಶುದ್ಧ ಬಣ್ಣ ಎಬ್ಬಿಸಿದರು. ಆಮೇಲೆ ಬಿಳಿ, ನೀಲಿ, ಕಪ್ಪು ಬೆರೆಸುತ್ತಾ ಹೋದರು. ಕೊನೆಗೆ ಹಳದಿ ಒಂದು ಹನಿ. ಪ್ರತಿ ಸಲ ಒಂದು ಕಾರ್ಡಿನ ಮೇಲೆ ಸವರಿ, ಒಣಗಿಸಿ, ಡೋರ್ ಪಕ್ಕ ಹಿಡಿದು ನೋಡುವುದು. ಹಸಿ ಇದ್ದಾಗ ನೋಡಿ ಪ್ರಯೋಜನ ಇಲ್ಲ, ಒಣಗಿದ ಮೇಲೆ ಬಣ್ಣ ಸ್ವಲ್ಪ ಗಾಢವಾಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ಸರಿಯಾಗಿ ಕೂತ ಬಣ್ಣ ಫುಟ್‌ಪಾತ್‌ಗೆ ತಂದು ಬಿಸಿಲಿಗೆ ಹಿಡಿದಾಗ ನೇರಳೆಗೆ ತಿರುಗಿತು. ಆ ಹಳದಿ ಹನಿ ಬಿದ್ದದ್ದು ಅದಕ್ಕೇ. ಇಡೀ ಕಾರಿಗೆ ಬೇಕಾದಷ್ಟನ್ನೂ ಒಂದೇ ಸಲ ಬೆರೆಸಿಕೊಂಡು, ಮೇಲೆ ಒಂದು ಲೀಟರ್ ಜಾಸ್ತಿಯೇ ತಂದೆ. ಕಣ್ಣಳತೆಯಲ್ಲಿ ಬೆರೆಸಿದ ಬಣ್ಣ ಎರಡನೇ ಸಲ ಹಾಗೇ ಬರುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಮೆಟಾಲಿಕ್ ಕೇಳುವವರಿಗೆ ಒಂದು ಮಾತು: ಅದರೊಳಗಿನ ಅಲ್ಯೂಮಿನಿಯಂ ಪುಡಿ ಗನ್ ಸ್ವಲ್ಪ ಹತ್ತಿರ ಬಂದರೂ ಒಂದು ಥರ, ದೂರ ಹೋದರೂ ಇನ್ನೊಂದು ಥರ ಕೂರುತ್ತದೆ, ಪಟ್ಟೆ ಪಟ್ಟೆ ಕಾಣುತ್ತದೆ. ಮನೆ ಕೆಲಸಕ್ಕೆ ಪ್ಲೇನ್ ಬಣ್ಣವೇ ಸರಿ.

ಹೊಡೆಯುವ ದಿನಗಳನ್ನು ಸಂಕ್ರಾಂತಿ ಆದ ಮೇಲೆ ಇಟ್ಟುಕೊಂಡಿದ್ದೆ. ಮೈಸೂರಿನಲ್ಲಿ ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಗಾಳಿ ಒಣಗಿರುತ್ತದೆ. ಎನ್‌ಸಿಗೆ ತೇವ ಅಂದರೆ ಆಗದು. ಥಿನ್ನರ್ ಆರುವಾಗ ತಗಡಿನ ಮೈಯನ್ನು ತಣ್ಣಗೆ ಮಾಡುತ್ತದೆ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಅಲ್ಲೇ ಹನಿಗಟ್ಟಿ ಬಣ್ಣದ ಒಳಗೆ ಸಿಕ್ಕಿಕೊಳ್ಳುತ್ತದೆ, ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿಚಿಕೊಳ್ಳುತ್ತದೆ. ಮೋಡ ಮುಚ್ಚಿದ ಒಂದು ಬೆಳಿಗ್ಗೆ ಡಿಕ್ಕಿ ಮುಚ್ಚಳದ ಮೇಲೆ ಹೀಗೇ ಆಯಿತು. ಗಾಬರಿ ಬೇಡ. ಬಿಸಿಲು ಬಂದ ಮೇಲೆ, ಬೇಗ ಆರದಂತೆ ತಡೆಯುವ ರಿಟಾರ್ಡರ್ ಬೆರೆಸಿದ ಥಿನ್ನರ್ ಅನ್ನು ಅದರ ಮೇಲೆ ತೆಳ್ಳಗೆ ಹೊಡೆದರೆ ಬಣ್ಣ ಮತ್ತೆ ಕರಗಿ, ನಿಧಾನವಾಗಿ ಆರುವಾಗ ನೀರು ಹೊರಹೋಗಿ, ಬಿಳುಪು ಮಾಯ. ಪಿಯುನಲ್ಲಿ ಈ ಸವಲತ್ತು ಇಲ್ಲ. ಕರಾವಳಿಯವರು, ಮಲೆನಾಡಿನವರು ಮಳೆಗಾಲದಲ್ಲಿ ಎನ್‌ಸಿ ಸಾಹಸಕ್ಕೆ ಕೈ ಹಾಕಲೇಬೇಡಿ.

ಶೆಡ್‌ನ ಸುತ್ತ ಪ್ಲಾಸ್ಟಿಕ್ ಶೀಟ್ ಕಟ್ಟಿ, ಗಾಳಿ ಹೋಗಲು ಹಿಂದೆ ಮತ್ತು ಮುಂದೆ ಕೆಳಗಡೆ ಬಿಟ್ಟು, ಧೂಳು ಏಳದಂತೆ ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿದೆ. ಕಂಪ್ರೆಸರ್ ಬಾಡಿಗೆಗೆ ತಂದದ್ದು, ದೊಡ್ಡ ಟ್ಯಾಂಕಿನದು. ಟಯರ್‌ಗೆ ಗಾಳಿ ತುಂಬುವ ಪುಟ್ಟ ಕಂಪ್ರೆಸರ್‌ಗಳು ಬಾನೆಟ್ ಅರ್ಧ ಆಗುವಷ್ಟರಲ್ಲಿ ಏದುಸಿರು ಬಿಡುತ್ತವೆ. ಟ್ಯಾಂಕಿನ ಕೆಳಗಿನ ವಾಲ್ವ್ ಬಿಚ್ಚಿ ಆಗಾಗ ನೀರು ಬಿಡಬೇಕು, ಗನ್ ಹತ್ತಿರ ಇನ್ನೊಂದು ವಾಟರ್ ಟ್ರ್ಯಾಪ್ ಇರಬೇಕು. ಮುಖಕ್ಕೆ ಇದ್ದಿಲು ಕಾರ್ಟ್ರಿಜ್ ಇರುವ ಮಾಸ್ಕ್. ಧೂಳಿನ ಬಿಳಿ ಮಾಸ್ಕ್ ಥಿನ್ನರ್ ಆವಿಯನ್ನು ತಡೆಯುವುದಿಲ್ಲ.

ಎನ್‌ಸಿಯಲ್ಲಿ ದೊಡ್ಡ ಅಪಾಯ ಬೆಂಕಿ. ಅಮ್ಮ ಸಂಜೆ ಆರಕ್ಕೆ ದೇವರ ಮನೆಯಲ್ಲಿ ದೀಪ ಹಚ್ಚುತ್ತಾರೆ, ಶೆಡ್‌ಗೆ ತಾಗಿದ ಕೋಣೆ ಅದು. ಥಿನ್ನರ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ಬಾಗಿಲ ಕೆಳಗಿನ ಸಂದು ಸಾಕು. ಹಾಗಾಗಿ ಮಧ್ಯಾಹ್ನ ಮೂರಕ್ಕೆ ಗನ್ ಕೆಳಗೆ. ಥಿನ್ನರ್ ಒರೆಸಿದ ಬಟ್ಟೆಗಳು ನೀರು ತುಂಬಿದ ಬಕೆಟ್‌ಗೆ. ಅಮ್ಮನ ತಕರಾರು ಬೇರೆ ಇತ್ತು, "ತಾರಸಿ ಮೇಲೆ ಸಂಡಿಗೆ ಇಟ್ಟಿದ್ದೀನಿ, ಅದೂ ನೀಲಿ ಆಗುತ್ತೇನೋ" ಅಂತ. ಆಗಲಿಲ್ಲ, ಎನ್‌ಸಿ ಹನಿ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ. ಆದರೂ ಸಂಡಿಗೆ ತಟ್ಟೆ ಒಳಗೆ ಹೋಯಿತು.

ಬಣ್ಣಕ್ಕೆ ಹೆಚ್ಚುಕಮ್ಮಿ ಅಷ್ಟೇ ಥಿನ್ನರ್, ಬಿಸಿಲು ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ. ಬಲೆಯಲ್ಲಿ ಸೋಸಿಯೇ ಗನ್‌ಗೆ. ಮೊದಲು ಒಂದು ಹಳೇ ಡಾಲ್ಡಾ ತಗಡಿನ ಮೇಲೆ ಹೊಡೆದು ನೋಡಿ ಗನ್‌ನ ತಿರುಪು ಸರಿ ಮಾಡಿಕೊಂಡೆ. ಗನ್ ತಗಡಿನಿಂದ ಒಂದು ಗೇಣು ದೂರ, ಬರೀ ಮಣಿಕಟ್ಟು ತಿರುಗಿಸದೆ ಇಡೀ ತೋಳು ಕಾರಿಗೆ ಸಮನಾಗಿ ಚಲಿಸಬೇಕು, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು, ಟ್ರಿಗರ್ ಒತ್ತುವುದು ತಗಡು ಶುರುವಾಗುವ ಮುಂಚೆ, ಬಿಡುವುದು ತಗಡು ಮುಗಿದ ಮೇಲೆ. ಮೊದಲ ಕೋಟ್ ತೆಳು, ಕೆಳಗಿನ ಬೂದು ಕಂಡರೂ ಪರವಾಗಿಲ್ಲ. ಆಮೇಲಿನವು ಒದ್ದೆಯಾಗಿ, ಮಧ್ಯೆ ಹತ್ತು ಹದಿನೈದು ನಿಮಿಷ ಬಿಟ್ಟು. ಪದ್ಮಿನಿಯ ಮುಂಭಾಗ ಕಷ್ಟ, ಹೆಡ್‌ಲೈಟ್ ಸುತ್ತಿನ ಉಬ್ಬು ತಗ್ಗುಗಳಲ್ಲಿ ಬಣ್ಣ ಇಳಿಯಲು ಕಾಯುತ್ತಿರುತ್ತದೆ. ರೂಫ್ ಇನ್ನೂ ಕಷ್ಟ, ಸ್ಟೂಲ್ ಮೇಲೆ ನಿಂತು ಬಗ್ಗಿ ಹೊಡೆಯುವಾಗ ಗಾಳಿ ಪೈಪ್ ಅಂಗಿಗೆ ತಾಗಿ ಹಸಿ ಬಣ್ಣದ ಮೇಲೆ ಬೀಳದಂತೆ ಭುಜದ ಮೇಲಿಂದ ಬೆನ್ನ ಹಿಂದೆ ಹಾಕಿಕೊಳ್ಳಬೇಕು. ಒಟ್ಟು ಆರು ಕೋಟ್ ಹೋಯಿತು, ಅಂಚುಗಳಿಗೆ ಏಳು, ಯಾಕೆಂದರೆ ಪಾಲಿಶ್ ಮಾಡುವಾಗ ಮೊದಲು ಸವೆಯುವುದು ಅಂಚೇ.

ಹೊಡೆದು ಮುಗಿದಾಗ ಕಾರು ನೋಡಲು ಚೆನ್ನಾಗೇನೂ ಇರಲಿಲ್ಲ. ಸೀಮೆಸುಣ್ಣ ಬಳಿದ ಗೋಡೆಯಂಥ ಮಂಕು ನೀಲಿ. ಗೇಟ್ ಹತ್ತಿರ ಬಂದವರೆಲ್ಲ ಪಾಪ ಅನ್ನುವ ಮುಖ ಮಾಡಿ ಹೋದರು, ಮೇಸ್ತ್ರಿ ಒಬ್ಬರೇ ತಲೆ ಆಡಿಸಿದರು. ಕೆಲವು ವಾರ ಹಾಗೇ ಬಿಡಿ ಅಂದರು, ಒಳಗಿನ ಥಿನ್ನರ್ ಪೂರ್ತಿ ಆರದೆ ಪಾಲಿಶ್ ಮಾಡಿದರೆ ಆಮೇಲೆ ಬಣ್ಣ ಕುಗ್ಗಿ ಹೊಳಪು ಮತ್ತೆ ಸಾಯುತ್ತದೆ. ಬಿಟ್ಟೆ. ನಂತರ 1500 ನಂಬರ್ ವಾಟರ್ ಪೇಪರ್, ಸೋಪು ನೀರು, ಅದಾದ ಮೇಲೆ 2000. ಮೇಲೆ ರಬ್ಬಿಂಗ್ ಕಾಂಪೌಂಡ್. ಮಷಿನ್ ಇತ್ತು, ಆದರೆ ಅಂಚು ಗೆರೆಗಳ ಹತ್ತಿರ ಮಷಿನ್ ಒಂದು ಕ್ಷಣ ನಿಂತರೂ ಬಣ್ಣ ಹೋಗಿ ಬೂದು ಕಾಣುತ್ತದೆ, ಅಲ್ಲೆಲ್ಲ ಕೈಯಲ್ಲೇ. ಬಾನೆಟ್‌ನ ಮಧ್ಯದಲ್ಲಿ ಅಂಗೈ ಅಗಲ ತಿಕ್ಕಿ ಒರೆಸಿದಾಗ ಹೊಂಗೆ ಎಲೆಗಳು ಒಂದೊಂದಾಗಿ ಅದರಲ್ಲಿ ಕಂಡವು, ಸುತ್ತಲೂ ಅದೇ ಸೀಮೆಸುಣ್ಣ. ಆಮೇಲೆ ಕೈ ನೋವು ಲೆಕ್ಕಕ್ಕೆ ಬರಲಿಲ್ಲ.

ಪಿಯು ಕಾರಿನ ಗಾಜಿನಂಥ ಹೊಳಪು ಇದಕ್ಕಿಲ್ಲ, ಇರುವುದು ಬೇಡ ಅಂತಲೂ ನನಗನ್ನಿಸುತ್ತದೆ. ಎಂಬತ್ತರ ದಶಕದ ಗಾಡಿ ನಿನ್ನೆ ಶೋರೂಂನಿಂದ ಬಂದ ಹಾಗೆ ಕಾಣುವುದು ನನ್ನ ಕಣ್ಣಿಗೆ ಹಿಡಿಸುವುದಿಲ್ಲ. ನಂಜನಗೂಡಿಗೆ ಹೋಗಿ ಬರುವಾಗ ಲಾರಿಯಿಂದ ಹಾರಿದ ಜಲ್ಲಿ ಬಾನೆಟ್ ತುದಿಗೆ ಬಡಿದು ಅಕ್ಕಿ ಕಾಳಿನಷ್ಟು ಬಣ್ಣ ಎದ್ದಿತು. ಉಳಿಸಿದ್ದ ಡಬ್ಬಿಯಿಂದ ಒಂದು ಹನಿ ತೆಗೆದು ಕಡ್ಡಿಯಲ್ಲಿ ಇಟ್ಟು, ಕುಗ್ಗಿದ ಹಾಗೆಲ್ಲ ಮೇಲೆ ಮೇಲೆ ಇಟ್ಟು, ಒಣಗಿದ ಮೇಲೆ 2000 ಪೇಪರ್ ಮತ್ತು ಕಾಂಪೌಂಡ್. ಎಲ್ಲಿ ಅಂತ ಈಗ ನನಗೇ ಹುಡುಕಬೇಕು. ಬಂಪರ್ ಕ್ರೋಮ್ ಇನ್ನೂ ಬಾಕಿ ಇದೆ, ಅದನ್ನು ಮನೆಯಲ್ಲಿ ಮಾಡುವ ಯೋಚನೆ ಇಲ್ಲ.